ಬೋಟಿನ ಅಡಿಗೆ ದೀಪ: ತೂತು, ತಂತಿ ಮತ್ತು ಒಂದಿಷ್ಟು ಭಯ

ಮಳೆಗಾಲಕ್ಕೆ ಮುಂಚೆ ಬೋಟುಗಳನ್ನು ದಡಕ್ಕೆ ಎಳೆಯುವ ಹೊತ್ತಿದು. ರಿಪೇರಿ, ಬಣ್ಣ, ಹೊಸ ಸಾಮಾನಿನ ಜೋಡಣೆ ಎಲ್ಲವೂ ಈಗಲೇ ಆಗಬೇಕು. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ನೀರಿನೊಳಗೆ ಉರಿಯುವ ಎಲ್‌ಇಡಿ ದೀಪದ ಬಗ್ಗೆಯೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇನೆ.

ಪ್ರಶ್ನೆ: ಪ್ರವಾಸಿಗರನ್ನು ಸುತ್ತಾಡಿಸುವ 22 ಅಡಿಯ ಫೈಬರ್ ಬೋಟ್ ನಮ್ಮದು. ಸಂಜೆಯ ಟ್ರಿಪ್ಪಿಗೆ ಚೆಂದ ಕಾಣಲಿ ಎಂದು ಹಿಂಬದಿಗೆ ಎರಡು ನೀರೊಳಗಿನ ಲೈಟ್ ತರಿಸಿದ್ದೇನೆ. "ಗಟ್ಟಿಮುಟ್ಟಾದ ಬೋಟಿಗೆ ನೀರಿನ ಕೆಳಗೆ ತೂತು ಕೊರೆಯುವ ಬುದ್ಧಿವಂತ ನೀನೊಬ್ಬನೇ" ಎಂದು ಅಪ್ಪ ಬಯ್ಯುತ್ತಿದ್ದಾರೆ. ಡ್ರಿಲ್ ಕೈಗೆತ್ತಿಕೊಂಡರೆ ನನಗೂ ಕೈ ನಡುಗುತ್ತದೆ. ಏನು ಮಾಡಲಿ?
(ಓದುಗರು, ಕೋಡಿಬೆಂಗ್ರೆ)

ಉತ್ತರ: ಚೆನ್ನಾಗಿರುವ ಬೋಟನ್ನು ನಾನೇ ಕೈಯಾರೆ ಹಾಳು ಮಾಡಿಬಿಡುತ್ತೇನೋ ಎಂಬುದು ನಿಮ್ಮ ಚಿಂತೆ. ಕೈ ನಡುಗಿದ್ದು ಒಳ್ಳೆಯದೇ ಆಯಿತು. ನಡುಗುವ ಕೈ ಎರಡು ಸಲ ಅಳೆದು ನೋಡುತ್ತದೆ. ನಿಮ್ಮ ತಂದೆಯವರ ಮಾತಿನಲ್ಲೂ ಹುರುಳಿದೆ. ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ ಒಂದು ಅಂಗುಲದ ತೂತು ತೆರೆದುಕೊಂಡರೆ ನಿಮಿಷಕ್ಕೆ 40 ಲೀಟರಿಗೂ ಹೆಚ್ಚು ನೀರು ಒಳಗೆ ನುಗ್ಗುತ್ತದೆ. ಸಣ್ಣ ಬೋಟಿನ ಬಿಲ್ಜ್ ಪಂಪು (ತಳದಲ್ಲಿ ನಿಂತ ನೀರನ್ನು ಹೊರಗೆ ಎತ್ತಿಹಾಕುವ ಪಂಪು) ಅದಕ್ಕೆ ಸಮನಾಗಿ ಓಡಲಾರದು.

ಆದರೂ ಧೈರ್ಯವಾಗಿರಿ. ನಿಮ್ಮ ಬೋಟಿನ ಹಿಂಬದಿಯಲ್ಲಿ ನೀರು ಖಾಲಿ ಮಾಡುವ ತೂತು, ಎಂಜಿನ್ ಕೂರಿಸಿದ ಬೋಲ್ಟಿನ ತೂತುಗಳು ಈಗಾಗಲೇ ಇವೆ. ಸರಿಯಾಗಿ ಮುಚ್ಚಿದ್ದರಿಂದ ಅವು ಇಷ್ಟು ದಿನ ತೊಂದರೆ ಕೊಟ್ಟಿಲ್ಲ. ಇದನ್ನೂ ಹಾಗೆಯೇ ಮಾಡಬಹುದು.

ನೀವು ತರಿಸಿದ್ದು ಯಾವ ಬಗೆಯ ದೀಪ ಎಂದು ಮೊದಲು ನೋಡಿ. ಒಂದು ಬಗೆ ಬೋಟಿನ ಹೊರಮೈಗೆ ಸ್ಕ್ರೂ ಹಾಕಿ ಅಂಟಿಸುವಂಥದ್ದು. ಅದಕ್ಕೆ ತಂತಿ ಹಾಯುವಷ್ಟು ಸಣ್ಣ ತೂತು ಸಾಕು. ಇನ್ನೊಂದು ಬಗೆಯದು ಒಡಲನ್ನು ಪೂರ್ತಿ ತೂರಿಕೊಂಡು ಒಳಗಿನಿಂದ ನಟ್ಟು ಬಿಗಿಸುವಂಥದ್ದು. ಅದಕ್ಕೆ ಎರಡು, ಮೂರು ಅಂಗುಲದ ತೂತು ಬೇಕಾಗುತ್ತದೆ. ನಿಮ್ಮ ಅಳತೆಯ ಬೋಟಿಗೆ ಮೊದಲನೆಯದೇ ಸಾಕು ಎಂಬುದು ನನ್ನ ಅಭಿಪ್ರಾಯ. ಅದರಲ್ಲೂ ತಂತಿಯನ್ನು ಹೊರಮೈ ಗುಂಟ ಮೇಲಕ್ಕೆ ತಂದು, ನೀರಿನ ಮಟ್ಟಕ್ಕಿಂತ ಮೇಲೆ ಒಳಗೆ ತೂರಿಸಿದರೆ ಕೆಳಗೆ ಉಳಿಯುವುದು ಸ್ಕ್ರೂಗಳ ತೂತು ಮಾತ್ರ. ತಂತಿಯ ಮೇಲೊಂದು ಪ್ಲಾಸ್ಟಿಕ್ ಪಟ್ಟಿ ಮುಚ್ಚಬೇಕಾಗುತ್ತದೆ, ನೋಡಲು ಅಷ್ಟೊಂದು ಅಂದವಿಲ್ಲ. ಆದರೆ ತಂದೆಯವರು ಒಪ್ಪಿಯಾರು.

ಜಾಗ ಗೊತ್ತು ಮಾಡುವಾಗ ಬೋಟ್ ನೀರಿನಲ್ಲಿರಲಿ. ಪ್ರಯಾಣಿಕರು ಕುಳಿತಾಗ ಹಿಂಬದಿ ಎಷ್ಟು ಇಳಿಯುತ್ತದೆ, ಖಾಲಿ ಇದ್ದಾಗ ಎಷ್ಟು ಏಳುತ್ತದೆ ಎಂದು ಗುರುತು ಹಾಕಿಕೊಳ್ಳಿ. ಖಾಲಿ ಬೋಟಿನ ಗುರುತಿನಿಂದ ಅರ್ಧ ಅಡಿಯಿಂದ ಒಂದಡಿ ಕೆಳಗೆ ದೀಪವಿರಲಿ. ಪ್ರೊಪೆಲ್ಲರಿಗೆ ನೀರು ಹರಿದು ಹೋಗುವ ದಾರಿಯಲ್ಲೂ, ಆಳ ಅಳೆಯುವ ಯಂತ್ರದ ಮುಂದೆಯೂ ಕೂರಿಸಬೇಡಿ. ದೀಪದ ಅಂಚಿನಿಂದ ಏಳುವ ಗುಳ್ಳೆಗಳು ಎರಡನ್ನೂ ಕೆಡಿಸುತ್ತವೆ.

ಇನ್ನು ಕೊರೆಯುವುದು. ಬೋಟನ್ನು ದಡಕ್ಕೆ ತಂದು ಚೆನ್ನಾಗಿ ಒಣಗಲು ಬಿಡಿ. ಒಳಗಡೆ ಕೈ ಹಾಕಿ, ಅದೇ ಜಾಗದ ಹಿಂದೆ ಡೀಸೆಲ್ ಅಥವಾ ಪೆಟ್ರೋಲ್ ಟ್ಯಾಂಕು, ಬೇರೆ ತಂತಿ, ಅಡ್ಡಪಟ್ಟಿ ಇಲ್ಲವೆಂದು ಮುಟ್ಟಿ ನೋಡಿ. ಹೊರಗಿನಿಂದ ಕಾಗದದ ಟೇಪು ಅಂಟಿಸಿ ಅದರ ಮೇಲೆ ಗುರುತು ಮಾಡಿ. ಡ್ರಿಲ್ಲನ್ನು ಮೊದಲು ಕೆಲವು ಸುತ್ತು ಉಲ್ಟಾ ತಿರುಗಿಸಿದರೆ ಜೆಲ್‌ಕೋಟ್ (ಫೈಬರಿನ ಮೇಲಿನ ನುಣುಪಾದ ಬಣ್ಣದ ಪದರ) ಚಕ್ಕೆ ಏಳದೆ ಸವೆಯುತ್ತದೆ. ಆಮೇಲೆ ನೇರವಾಗಿ ಕೊರೆಯಿರಿ.

ಈಗ ಹೊರಬೀಳುವ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಬೇಕು. ಕೊನೆಯವರೆಗೂ ಬಿಳಿ ಪುಡಿಯೇ ಬಂದರೆ ಅಲ್ಲಿರುವುದು ಬರೀ ಫೈಬರ್. ನಡುವೆ ಕಂದು ಬಣ್ಣದ ಮರದ ಪುಡಿ ಬಂದರೆ ಒಳಗೆ ಪ್ಲೈವುಡ್ ಇದೆ ಎಂದರ್ಥ. ಬೋಟಿನ ಹಿಂಬದಿಯ ಗೋಡೆಯಲ್ಲಿ ಇದು ಸಾಮಾನ್ಯ. ಆ ಪುಡಿ ಒದ್ದೆಯಾಗಿದ್ದು ಹುಳಿ ವಾಸನೆ ಹೊಡೆದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಒಳಗಿನ ಮರ ಆಗಲೇ ಕೊಳೆಯುತ್ತಿದೆ, ಮೊದಲು ಆಗಬೇಕಾದ್ದು ಅದರ ರಿಪೇರಿ.

ಮರ ಒಣಗಿದ್ದರೆ ತೂತನ್ನು ಬೇಕಾದ್ದಕ್ಕಿಂತ ಸ್ವಲ್ಪ ದೊಡ್ಡದಾಗಿ ಕೊರೆಯಿರಿ. ಹಿಂದಿನಿಂದ ಟೇಪು ಹಚ್ಚಿ, ಮಂದ ಮಾಡಿದ ಎಪಾಕ್ಸಿಯನ್ನು (ಎರಡು ದ್ರವ ಬೆರೆಸಿ ಮಾಡುವ ಗಟ್ಟಿ ಅಂಟು) ತುಂಬಿ, ಒಂದು ರಾತ್ರಿ ಬಿಡಿ. ಮರುದಿನ ಆ ಎಪಾಕ್ಸಿಯ ನಟ್ಟನಡುವೆ ನಿಜವಾದ ಅಳತೆಯ ತೂತು ಮಾಡಿ. ಸ್ಕ್ರೂ ತೂತುಗಳಿಗೂ ಹೀಗೇ. ನಾಳೆ ಮೇಲಿನ ಸೀಲಂಟ್ (ಸಂದು ಮುಚ್ಚುವ ಅಂಟು) ಸೋತರೂ ನೀರು ಮರಕ್ಕೆ ತಾಗುವುದಿಲ್ಲ. ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದೇ. ಕೆಲವು ವರ್ಷಗಳ ಮೇಲೆ ಹಿಂಬದಿ ಮೆತ್ತಗಾಗುವುದಕ್ಕೂ ಇದೇ ಕಾರಣ.

ಸೀಲಂಟ್ ಕೊಳ್ಳುವಾಗ ನೀರಿನ ಮಟ್ಟದ ಕೆಳಗೆ ಬಳಸಬಹುದೆಂದು ಬರೆದಿರುವ ಪಾಲಿಯುರೆಥೇನ್ ಜಾತಿಯದನ್ನೇ ಕೇಳಿ ತನ್ನಿ. ಬಚ್ಚಲಿಗೆ ಹಚ್ಚುವ ಸಿಲಿಕೋನ್ ಇಲ್ಲಿ ನಿಲ್ಲುವುದಿಲ್ಲ. ತಂತಿಯ ತೂತಿನ ಒಳಗೂ, ಪ್ರತಿ ಸ್ಕ್ರೂವಿನ ಕತ್ತಿಗೂ ಹಚ್ಚಿ, ದೀಪದ ಸುತ್ತ ಎಲ್ಲ ಕಡೆ ಸಮನಾಗಿ ಹೊರಸೂಸುವಷ್ಟೇ ಬಿಗಿ ಮಾಡಿ. ಅತಿಯಾಗಿ ಬಿಗಿದರೆ ಅಂಟೆಲ್ಲ ಹೊರಗೆ ಹೋಗಿ ನಡುವೆ ಏನೂ ಉಳಿಯುವುದಿಲ್ಲ. ನಿಧಾನ ಜಾತಿಯ ಅಂಟು ಪೂರ್ತಿ ಗಟ್ಟಿಯಾಗಲು 7 ದಿನ ಹಿಡಿಯುತ್ತದೆ. ಟ್ಯೂಬಿನ ಮೇಲೆ ಎಷ್ಟು ಬರೆದಿದೆಯೋ ಅಷ್ಟು ದಿನ ಕಾಯಿರಿ. ಶನಿವಾರ ಟ್ರಿಪ್ ಇದೆ ಎಂದು ಶುಕ್ರವಾರ ನೀರಿಗಿಳಿಸಬೇಡಿ.

ಇಳಿಸಿದ ಮೇಲೆ ಒಳಗಡೆ ಒಣ ಬಟ್ಟೆಯಿಂದ ಒರೆಸಿ, ಅರ್ಧ ಗಂಟೆ ಬಿಟ್ಟು ಮುಟ್ಟಿ ನೋಡಿ, ಮರುದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿ. ತೂತಿನ ಅಳತೆಗೆ ಕೆತ್ತಿದ ಮರದ ಬಿರಡೆಯೊಂದನ್ನು ದಾರ ಕಟ್ಟಿ ಪಕ್ಕದಲ್ಲೇ ಇಟ್ಟಿರಿ. ಪ್ರವಾಸಿಗರನ್ನು ಕೂರಿಸುವ ಬೋಟಾದ್ದರಿಂದ, ಕೊರೆಯುವ ಮೊದಲೇ ಬೋಟಿಗೆ ಪ್ರಮಾಣಪತ್ರ ಕೊಟ್ಟವರನ್ನೂ ವಿಮೆಯವರನ್ನೂ ಒಂದು ಮಾತು ಕೇಳಿ.

ಪ್ರಶ್ನೆ: ಶರಾವತಿಯಲ್ಲಿ ನಮ್ಮ ಮನೆಯವರು ಸಣ್ಣ ಬೋಟ್ ಇಟ್ಟಿದ್ದಾರೆ. ಈಗ ಅದರ ಕೆಳಗೆ ಲೈಟ್ ಹಾಕಿಸುತ್ತಾರಂತೆ. ಮಕ್ಕಳು ಬೋಟಿನ ಹತ್ತಿರವೇ ಈಜುತ್ತಾರೆ. ನೀರು, ಕರೆಂಟು ಎರಡೂ ಸೇರಿದರೆ ಏನಾಗುತ್ತದೆ ಎಂದು ಯೋಚಿಸಿಯೇ ನನಗೆ ನಿದ್ದೆ ಬರುತ್ತಿಲ್ಲ. "ಬರೀ 12 ವೋಲ್ಟ್, ಸುಮ್ಮನಿರು" ಎನ್ನುತ್ತಾರೆ.
(ಓದುಗರು, ಹೊನ್ನಾವರ)

ಉತ್ತರ: ಮಕ್ಕಳಿಗೆ ನೀರಿನಲ್ಲಿ ಶಾಕ್ ಹೊಡೆದರೆ ಎಂಬುದು ನಿಮ್ಮ ಭಯ. ಅಮ್ಮಂದಿರಿಗೆ ಬರಬೇಕಾದ ಭಯವೇ ಅದು. ನಿಮ್ಮ ಮನೆಯವರು ಹೇಳಿದ್ದು ಅರ್ಧ ನಿಜ. ಉಳಿದರ್ಧವನ್ನು ನಾನು ಹೇಳುತ್ತೇನೆ, ಈ ಪತ್ರವನ್ನು ಅವರಿಗೂ ಓದಲು ಕೊಡಿ.

ಬೋಟಿನ ಬ್ಯಾಟರಿಯಿಂದ ಬರುವ 12 ವೋಲ್ಟಿನ ಡಿಸಿ (ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್) ನೀರಿನಲ್ಲಿರುವವರ ಜೀವ ತೆಗೆಯುವಷ್ಟು ಬಲದ್ದಲ್ಲ. ದೀಪದ ಗಾಜು ಒಡೆದು ಒಳಗೆ ನೀರು ಹೋದರೂ ಆಗುವುದು ದೀಪ ಕೆಡುವುದು, ಲೋಹ ಸವೆಯುವುದು, ಫ್ಯೂಸ್ ಹಾರುವುದು. ಇಷ್ಟಕ್ಕೆ ನೀವು ಸಮಾಧಾನ ಪಟ್ಟುಕೊಳ್ಳಬಹುದು.

ಅಪಾಯ ಬರುವುದು 230 ವೋಲ್ಟಿನಿಂದ. ದಡದ ಮನೆಯಿಂದ ವಯರು ಎಳೆದು ಬೋಟಿನ ಚಾರ್ಜರಿಗೆ ಕೊಡುವುದು, ಕಟ್ಟೆಯ ಮೇಲೆ ಟ್ಯೂಬ್‌ಲೈಟ್ ಹಾಕುವುದು, ಬೋಟಿನಲ್ಲಿ ಇನ್ವರ್ಟರ್ ಇಡುವುದು, ಇವೆಲ್ಲ ನಮ್ಮ ಕಡೆ ಮಾಮೂಲು. ಚಾರ್ಜರ್ ಒಳಗೇ ಕೆಟ್ಟು ಕರೆಂಟು ಬೋಟಿನ ಲೋಹದ ಭಾಗಕ್ಕೆ ಸೋರಿದರೆ, ಅದು ನೀರೊಳಗಿನ ದೀಪದ ಲೋಹದ ಮೈಯಿಂದ, ಪ್ರೊಪೆಲ್ಲರಿನಿಂದ ಹೊರಗೆ ಹರಡುತ್ತದೆ. ಇದು ಸಿಹಿನೀರಿನಲ್ಲಿ ಹೆಚ್ಚು ಅಪಾಯಕಾರಿ ಎಂಬುದನ್ನು ಬಹಳ ಜನ ನಂಬುವುದಿಲ್ಲ. ಉಪ್ಪುನೀರು ಒಳ್ಳೆಯ ವಾಹಕ. ಅಲ್ಲಿ ಕರೆಂಟಿನ ಬಹುಪಾಲು ಈಜುವವರ ಸುತ್ತಲಿನ ನೀರಿನಲ್ಲೇ ಹರಿದು ಹೋಗುತ್ತದೆ. ಸಿಹಿನೀರಿಗಿಂತ ನಮ್ಮ ಮೈಯೇ ಒಳ್ಳೆಯ ವಾಹಕವಾದ್ದರಿಂದ ಅಲ್ಲಿ ಮೈಯ ಮೂಲಕ ಹಾದುಹೋಗುತ್ತದೆ. ಸ್ನಾಯುಗಳು ಹಿಡಿದುಕೊಂಡು, ಈಜು ಚೆನ್ನಾಗಿ ಬರುವವರೂ ಮುಳುಗುತ್ತಾರೆ. ಮಳೆಗಾಲದಲ್ಲಿ ಶರಾವತಿಯ ನೀರು ಹೊಳೆಬಾಯಿಯ ತನಕ ಹೆಚ್ಚುಕಡಿಮೆ ಸಿಹಿಯಾಗಿರುತ್ತದೆ ಎಂಬುದು ನಿಮಗೇ ಗೊತ್ತು.

ಆದ್ದರಿಂದ ಮನೆಯಲ್ಲಿ ಕೆಲವು ಕಟ್ಟುಪಾಡು ಇರಲಿ. ಬೋಟಿನ ಕೆಳಗೆ 230 ವೋಲ್ಟಿನ ದೀಪ ಎಂದಿಗೂ ಬೇಡ, ಅಗ್ಗಕ್ಕೆ ಸಿಕ್ಕರೂ ಬೇಡ. ದಡದ ಕರೆಂಟು ಬೋಟಿಗೆ ಜೋಡಿಸಿರುವಾಗ ಯಾರೂ ನೀರಿಗಿಳಿಯಬಾರದು. ದಡದ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನೇ ಬಂದಾಗುವ ಸ್ವಿಚ್ಚು) ಹಾಕಿಸಿ, ಅದರ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.

ನೀರಿನಲ್ಲಿ ಮೈ ಜುಮ್ಮೆಂದರೆ ಬೋಟಿನ ಏಣಿಯ ಕಡೆಗೆ ಬರದೆ, ಬಂದ ದಾರಿಯಲ್ಲೇ ದೂರ ಈಜಿ ಹೋಗಬೇಕೆಂದು ಮಕ್ಕಳಿಗೆ ಹೇಳಿಕೊಡಿ. ದಡದಲ್ಲಿದ್ದವರು ಮೊದಲು ಮೇನ್ ಸ್ವಿಚ್ ತೆಗೆಯಬೇಕು. ಅವಸರದಲ್ಲಿ ನೀರಿಗೆ ಹಾರಿದರೆ ಒಬ್ಬರ ಬದಲು ಇಬ್ಬರನ್ನು ಎತ್ತಬೇಕಾಗುತ್ತದೆ.

ಇನ್ನೊಂದು ಮಾತು. ದೀಪ ಇರುವುದು ಹಿಂಬದಿಯಲ್ಲಿ, ಪ್ರೊಪೆಲ್ಲರ್ ಇರುವುದೂ ಅಲ್ಲೇ. ಬೆಳಕು ಕಂಡರೆ ಮಕ್ಕಳು ಅಲ್ಲಿಗೇ ಈಜಿಕೊಂಡು ಬರುತ್ತಾರೆ. ಎಂಜಿನ್ನಿನ ಕೀಲಿ ತೆಗೆದು ನಿಮ್ಮ ಕೈಯಲ್ಲಿ ಇಟ್ಟುಕೊಂಡ ಮೇಲೆಯೇ ಮಕ್ಕಳನ್ನು ನೀರಿಗೆ ಬಿಡಿ. ಕರೆಂಟಿಗಿಂತ ನನಗೆ ಹೆಚ್ಚು ಚಿಂತೆ ಇದರದ್ದು.

ಪ್ರಶ್ನೆ: ಐಟಿಐ ಮುಗಿಸಿ ಮನೆ ವಯರಿಂಗ್ ಮಾಡುತ್ತೇನೆ. ಪರಿಚಯದವರ ಬೋಟಿಗೆ 40 ವ್ಯಾಟಿನ ಮೂರು ನೀರೊಳಗಿನ ದೀಪ ಹಾಕಿಕೊಟ್ಟೆ. ಎಂಜಿನ್ ಓಡುವಾಗ ಚೆನ್ನಾಗಿ ಉರಿಯುತ್ತವೆ, ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಮಿಣುಕುತ್ತವೆ. ದೀಪವೇ ಡೂಪ್ಲಿಕೇಟ್ ಎಂದು ಅಂಗಡಿಯವರ ಜೊತೆ ಜಗಳವೂ ಆಯಿತು. ಬ್ಯಾಟರಿ ಮುಂದಿದೆ, ದೀಪ ಏಳು ಮೀಟರ್ ಹಿಂದಿದೆ.
(ಓದುಗರು, ಕಾರವಾರ)

ಉತ್ತರ: ಕೆಲಸ ಕೆಟ್ಟು ಹೆಸರು ಹೋಯಿತೆಂದು ನೀವು ನೊಂದಂತಿದೆ. ನೊಂದುಕೊಳ್ಳಬೇಡಿ, ಇದು ಸರಿಹೋಗುವ ತೊಂದರೆ. ದೀಪದಲ್ಲಿ ದೋಷವಿದ್ದಂತೆ ಕಾಣುವುದಿಲ್ಲ. ಮನೆಗೆ ಎಳೆಯುವ ಒಂದೂವರೆ ಚದರ ಮಿಲಿಮೀಟರಿನ ತಂತಿಯನ್ನೇ ಹಾಕಿದ್ದೀರಿ ಎಂದು ನನ್ನ ಊಹೆ.

ಲೆಕ್ಕ ಹಾಕಿ ನೋಡೋಣ. ಮೂರು ದೀಪ ಸೇರಿ 120 ವ್ಯಾಟ್. 230 ವೋಲ್ಟಿನಲ್ಲಿ ಅದು ಅರ್ಧ ಆಂಪು, ಲೆಕ್ಕಕ್ಕೇ ಇಲ್ಲ. 12 ವೋಲ್ಟಿನಲ್ಲಿ ಅದೇ 10 ಆಂಪು. ತಂತಿಯ ಉದ್ದ ಹೋಗುವಾಗ ಏಳು, ಬರುವಾಗ ಏಳು, ಒಟ್ಟು 14 ಮೀಟರ್. ಒಂದೂವರೆ ಚದರ ಮಿಲಿಮೀಟರಿನ ತಾಮ್ರದಲ್ಲಿ ಇಷ್ಟು ಕರೆಂಟು ಹರಿದರೆ ದಾರಿಯಲ್ಲೇ ಸುಮಾರು 1.9 ವೋಲ್ಟ್ ಕಳೆದುಹೋಗುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟಿನ ಹತ್ತಿರ ಇರುವುದರಿಂದ ಈ ನಷ್ಟ ಗೊತ್ತಾಗುವುದಿಲ್ಲ. ಎಂಜಿನ್ ನಿಂತು ಬ್ಯಾಟರಿ 12ಕ್ಕೆ ಇಳಿದಾಗ ದೀಪಕ್ಕೆ ಸಿಗುವುದು 10 ವೋಲ್ಟ್ ಚಿಲ್ಲರೆ. ಇಂಥ ದೀಪಗಳ ಡ್ರೈವರ್ (ದೀಪಕ್ಕೆ ಕರೆಂಟನ್ನು ಹದ ಮಾಡಿ ಕೊಡುವ ಸರ್ಕೀಟು) ಎಷ್ಟೋ ಸಲ ಅಲ್ಲಿಗೇ ಬಂದಾಗಿ, ಮತ್ತೆ ಹೊತ್ತಿ, ಮತ್ತೆ ಬಂದಾಗುತ್ತದೆ. ನೀವು ಕಂಡ ಮಿಣುಕು ಅದೇ. ನಂಬಿಕೆ ಬರದಿದ್ದರೆ ದೀಪ ಉರಿಯುತ್ತಿರುವಾಗಲೇ ಬ್ಯಾಟರಿಯಲ್ಲೊಮ್ಮೆ, ದೀಪದ ಬುಡದಲ್ಲೊಮ್ಮೆ ಮಲ್ಟಿಮೀಟರ್ ಹಿಡಿಯಿರಿ.

ನಾಲ್ಕು ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ ಸುಮಾರು 0.7 ವೋಲ್ಟಿಗೆ ಇಳಿಯುತ್ತದೆ, ಆರರದ್ದು ಹಾಕಿದರೆ ಅರ್ಧ ವೋಲ್ಟಿಗೂ ಕಡಿಮೆ. ಅಲಂಕಾರದ ದೀಪಕ್ಕೆ ನೂರಕ್ಕೆ ಹತ್ತರವರೆಗೆ ನಷ್ಟ ನಡೆಯುತ್ತದೆ. ಆದ್ದರಿಂದ ನಾಲ್ಕು ಸಾಕು, ಮುಂದೆ ಇನ್ನೊಂದು ದೀಪ ಸೇರಿಸುವ ಆಸೆಯಿದ್ದರೆ ಆರು ಹಾಕಿ.

ತಂತಿ ತವರ ಲೇಪಿಸಿದ ತಾಮ್ರದ್ದಾಗಿರಲಿ. ಸಾಮಾನ್ಯ ತಂತಿಯನ್ನು ಸಮುದ್ರದ ಬೋಟಿನಲ್ಲಿ ಒಂದೆರಡು ಮಳೆಗಾಲ ಬಿಟ್ಟು, ತುದಿಯ ಪ್ಲಾಸ್ಟಿಕ್ ಸಿಪ್ಪೆ ಸುಲಿದು ನೋಡಿ. ಒಳಗಿನ ಎಳೆಗಳು ಹೊಳೆಯುವ ಬದಲು ಕಪ್ಪಗೆ, ಕೆಲವೆಡೆ ಹಸಿರು ಹಿಟ್ಟು ಹಿಡಿದಂತೆ ಇರುತ್ತವೆ. ಇನ್ನೂ ಒಂದಡಿ ಹಿಂದಕ್ಕೆ ಸುಲಿದರೂ ಅದೇ ಕಪ್ಪು. ಉಪ್ಪಿನ ತೇವ ಎಳೆಗಳ ಸಂದಿನಲ್ಲೇ ಒಳಗೆ ಏರಿಕೊಂಡು ಹೋಗಿರುತ್ತದೆ. ಅದಕ್ಕೆ ಬೆಸುಗೆಯೂ ಹಿಡಿಯುವುದಿಲ್ಲ.

ಜೋಡಣೆಯನ್ನು ಕೈಯಲ್ಲಿ ತಿರುಚಿ ಟೇಪು ಸುತ್ತುವ ಮನೆಯ ಪದ್ಧತಿ ಇಲ್ಲಿ ಬೇಡ. ಅಳತೆಯ ತೋಳು ಹಾಕಿ ಕ್ರಿಂಪ್ ಮಾಡಿ (ಇಕ್ಕಳದಿಂದ ಒತ್ತಿ ಕೂಡಿಸಿ), ಒಳಗೆ ಅಂಟಿರುವ ಹೀಟ್‌ಶ್ರಿಂಕ್ (ಬಿಸಿ ತಾಗಿದರೆ ಬಿಗಿಯುವ ಕೊಳವೆ) ಮುಚ್ಚಿ. ಜೋಡಣೆಗಳೆಲ್ಲ ತಳದ ನೀರು ಮುಟ್ಟದಷ್ಟು ಎತ್ತರದಲ್ಲಿರಲಿ. ಪ್ರತಿ ಜೋಡಣೆಗೆ ತುಸು ಮುಂಚೆ ತಂತಿ ಸ್ವಲ್ಪ ಜೋತು ಬೀಳುವಂತೆ ಬಿಟ್ಟರೆ ಅದರ ಗುಂಟ ಹರಿದ ಹನಿ ಅಲ್ಲೇ ತೊಟ್ಟಿಕ್ಕುತ್ತದೆ.

ನೀವು ಫ್ಯೂಸಿನ ಮಾತೇ ಎತ್ತಿಲ್ಲ. ಹಾಕಿಲ್ಲವಾದರೆ ಇವತ್ತೇ ಹೋಗಿ ಹಾಕಿ. ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ 15 ಆಂಪಿನದು, ಆಮೇಲೆ ಪ್ರತಿ ದೀಪಕ್ಕೆ 5 ಆಂಪಿನದು. 12 ವೋಲ್ಟಿನಲ್ಲಿ ಶಾಕ್ ಹೊಡೆಯದು, ನಿಜ. ಆದರೆ ತಂತಿ ಉಜ್ಜಿ ಶಾರ್ಟ್ ಆದರೆ ಬ್ಯಾಟರಿ ನೂರಾರು ಆಂಪು ಸುರಿಯುತ್ತದೆ. ತಂತಿ ಕೆಂಪಗೆ ಕಾದು ಬೋಟಿಗೆ ಬೆಂಕಿ ಹಿಡಿಯುವುದು ಹಾಗೆಯೇ.

ಬ್ಯಾಟರಿಯ ವಿಷಯಕ್ಕೆ ಬಂದರೆ, 100 ಆಂಪ್-ಅವರಿನ ಮಾಮೂಲಿ ಬ್ಯಾಟರಿಯಲ್ಲಿ ಅರ್ಧದಷ್ಟನ್ನೇ ಖರ್ಚು ಮಾಡಬೇಕು. ಹೊಸದಿದ್ದರೂ ಈ ಮೂರು ದೀಪ ಐದು ಗಂಟೆಗೆ ಅಷ್ಟನ್ನೂ ಕುಡಿದುಬಿಡುತ್ತವೆ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆಯೇ ಇರಲಿ. ಅಳಿವೆಯ ಹತ್ತಿರ ಇಳಿತದ ಹೊತ್ತಿಗೆ ಎಂಜಿನ್ ಹಿಡಿಯದಿದ್ದರೆ ದೀಪದ ಅಂದ ಯಾರಿಗೂ ನೆನಪಿರುವುದಿಲ್ಲ.

ಅಂಗಡಿಯವರಿಗೆ ಒಂದು ಫೋನ್ ಮಾಡಿ ರಾಜಿಯಾಗಿ.

ಪ್ರಶ್ನೆ: ಊರು ಕುಂದಾಪುರ, ಕೆಲಸ ದುಬೈಯಲ್ಲಿ. ಇಲ್ಲಿ ನಾನು ನೋಡಿಕೊಳ್ಳುವ ಅಲ್ಯೂಮಿನಿಯಂ ಬೋಟಿಗೆ ಮಾಲೀಕರು ಕಂಚಿನ ಮೈಯ ದೀಪ ತಂದಿದ್ದಾರೆ. ಬೋಟನ್ನೇ ತಿಂದುಹಾಕುತ್ತದೆ ಎಂದು ಜೊತೆಯವರು ಹೆದರಿಸುತ್ತಾರೆ. ಗಾಜಿನ ಮೇಲೆ ಚಿಪ್ಪು ಕಟ್ಟುವುದಕ್ಕೆ ಏನು ಮಾಡಬೇಕು?

ಉತ್ತರ: ಹೆದರಿಸುವುದಕ್ಕೆ ಹೇಳಿದ್ದಲ್ಲ, ಅವರು ಸರಿಯಾಗಿಯೇ ಹೇಳಿದ್ದಾರೆ. ಉಪ್ಪುನೀರಿನಲ್ಲಿ ಕಂಚೂ ಅಲ್ಯೂಮಿನಿಯಮ್ಮೂ ಮೈ ತಾಗಿಸಿಕೊಂಡಿದ್ದರೆ ಗ್ಯಾಲ್ವನಿಕ್ ಸವೆತ (ಎರಡು ಲೋಹ ಸೇರಿ ಬ್ಯಾಟರಿಯಂತಾಗಿ ಒಂದು ಕರಗುವುದು) ಶುರುವಾಗುತ್ತದೆ. ಕರಗುವುದು ಅಲ್ಯೂಮಿನಿಯಂ, ಅಂದರೆ ಬೋಟು. ಆ ದೀಪವನ್ನು ವಾಪಸ್ ಕೊಟ್ಟು, ಅಲ್ಯೂಮಿನಿಯಂ ಬೋಟಿಗೆಂದೇ ಮಾಡಿದ ಪ್ಲಾಸ್ಟಿಕ್ ಮೈಯದನ್ನು ತರಿಸಲು ಮಾಲೀಕರನ್ನು ಒಪ್ಪಿಸಿ. ನೆಗೆಟಿವ್ ತಂತಿಯನ್ನು ಬೋಟಿನ ಮೈಗೆ ಕಚ್ಚಿಸಬೇಡಿ, ಬ್ಯಾಟರಿಯ ತನಕ ಎಳೆಯಿರಿ. ಸೋರುವ ಕರೆಂಟು ವರ್ಷಗಳ ಸವೆತವನ್ನು ದಿನಗಳಲ್ಲಿ ಮಾಡಿ ಮುಗಿಸುತ್ತದೆ.

ಚಿಪ್ಪು ಬೆಚ್ಚಗಿನ ಸಮುದ್ರದಲ್ಲಿ ಎಲ್ಲಿದ್ದರೂ ಕಟ್ಟುತ್ತದೆ. ಮೆತ್ತಗಿನ ಪಾಚಿ ಇರುವಾಗಲೇ ವಾರಕ್ಕೊಮ್ಮೆ ಬಟ್ಟೆಯಿಂದ ಒರೆಸಿದರೆ ಗಟ್ಟಿ ಚಿಪ್ಪಿನವರೆಗೆ ಹೋಗುವುದಿಲ್ಲ. ಕೂತುಬಿಟ್ಟಿದ್ದರೆ ಪ್ಲಾಸ್ಟಿಕ್ ಚಮಚದಿಂದ ಕೆರೆಯಿರಿ, ಚಾಕು ಬೇಡ. ದೀಪವನ್ನು ತಣ್ಣಗಿಡುವುದು ನೀರೇ. ಬೋಟ್ ದಡದಲ್ಲಿರುವಾಗ ಉರಿಯುತ್ತದೆಯೋ ಎಂದು ನೋಡಲು ಕೆಲವು ಸೆಕೆಂಡು ಸಾಕು, ಉರಿಸಿ ಬಿಡಬೇಡಿ.

ಪ್ರಶ್ನೆ: ನೀಲಿ ಚೆಂದವೋ, ಹಸಿರು ಚೆಂದವೋ? ಹಿನ್ನೀರಿನ ಬೋಟಿಗೆ ಸುತ್ತಲೂ ಎಂಟು ಹಾಕಿಸಬೇಕೆಂದಿದ್ದೇನೆ. ಇನ್ನೊಂದು ಪ್ರಶ್ನೆ: ಬೆಳಕಿಗೆ ಮೀನು ಬರುತ್ತದಂತೆ. ತಮ್ಮನ ಮೀನುಗಾರಿಕೆಯ ಬೋಟಿಗೂ ಹಾಕಿಸಬಹುದೇ? ಹಾಕಿದರೆ ಹಿಡಿದುಕೊಂಡು ಹೋಗುತ್ತಾರೆ ಎಂಬ ಹೆದರಿಕೆಯೂ ಇದೆ.
(ಓದುಗರು, ಗಂಗೊಳ್ಳಿ)

ಉತ್ತರ: ತಿಳಿನೀರಿನಲ್ಲಿ ನೀಲಿ ದೂರ ಹೋಗುತ್ತದೆ, ಕದಡಿದ ನೀರಿನಲ್ಲಿ ಹಸಿರು ವಾಸಿ. ಮಳೆಯ ಕೆಂಪು ನೀರಿನಲ್ಲಿ ಯಾವುದೂ ಕೆಲವು ಅಡಿಗಿಂತ ಆಚೆ ಕಾಣುವುದಿಲ್ಲ. ಎಂಟು ದೀಪಕ್ಕೆ ಎಂಟು ತೂತು. ಹಿಂಬದಿಗೆ ಎರಡು ಸಾಕು, ಉಳಿದ ಹಣದಲ್ಲಿ ಲೈಫ್ ಜಾಕೆಟ್ ಹೊಸದು ಮಾಡಿಸಿ. ಬೋಟ್ ಚಲಿಸುವಾಗ ಇವನ್ನು ಆರಿಸಿಡಿ. ಸಮುದ್ರ ಸಂಚಾರಕ್ಕೆ 1972ರಲ್ಲಿ ಆದ ಅಂತರರಾಷ್ಟ್ರೀಯ ನಿಯಮಗಳಲ್ಲಿ 20ನೆಯದು ಇದನ್ನೇ ಹೇಳುತ್ತದೆ. ಬೋಟಿನ ಕಡ್ಡಾಯ ದೀಪಗಳೆಂದು ಭ್ರಮೆ ಹುಟ್ಟಿಸುವ, ಅವನ್ನು ಮಂಕು ಮಾಡುವ, ಕಾವಲು ನೋಡುವುದಕ್ಕೆ ಅಡ್ಡಿಯಾಗುವ ಬೇರೆ ದೀಪ ಇರಬಾರದು. ಎದುರಿನಿಂದ ಬರುವವರಿಗೆ ನಿಮ್ಮ ಹಸಿರು ದೀಪ ಬೋಟಿನ ಬಲಮಗ್ಗುಲಿನಂತೆ ಕಂಡರೆ ಅವರು ತಪ್ಪು ಕಡೆಗೆ ತಿರುಗಿಸುತ್ತಾರೆ.

ತಮ್ಮನವರ ವಿಷಯದಲ್ಲಿ ನಿಮ್ಮ ಹೆದರಿಕೆ ಸರಿಯಾಗಿದೆ. ಬೆಳಕಿಗೆ ಸಣ್ಣ ಜೀವಿಗಳು ಸೇರುತ್ತವೆ, ಅವನ್ನು ತಿನ್ನಲು ಮರಿಮೀನು, ಅದರ ಹಿಂದೆ ದೊಡ್ಡದು. ಬಲೆ ಬೀಸಿದರೆ ಮೊಟ್ಟೆಯಿಡುವ ವಯಸ್ಸಿಗೂ ಬಾರದ ಮರಿಗಳು ರಾಶಿಯಾಗಿ ಬರುತ್ತವೆ. ಕೇಂದ್ರ ಸರಕಾರ 2017ರ ನವೆಂಬರ್ 10ರ ಆದೇಶದಲ್ಲಿ ನಮ್ಮ ವಿಶೇಷ ಆರ್ಥಿಕ ವಲಯದಲ್ಲಿ (ದಡದಿಂದ 200 ನಾಟಿಕಲ್ ಮೈಲಿವರೆಗಿನ ಕಡಲು) ಎಲ್‌ಇಡಿ ಮುಂತಾದ ಕೃತಕ ಬೆಳಕು ಬಳಸಿ ಮೀನು ಹಿಡಿಯುವುದನ್ನು ನಿಷೇಧಿಸಿದೆ. ಕರ್ನಾಟಕದ ದಡದ ಕಡಲಿನಲ್ಲೂ ಬೆಳಕು ಮೀನುಗಾರಿಕೆಗೆ ನಿಷೇಧವಿದೆ. ಕೆಲವರು ಈಗಲೂ ಮಾಡುತ್ತಾರೆ, ನಾಡದೋಣಿಯವರ ಸಿಟ್ಟಿಗೂ ಕಾರಣವಾಗುತ್ತಾರೆ. ನೀವು ಆ ಗುಂಪಿಗೆ ಸೇರಬೇಡಿ ಎಂದು ಕೇಳಿಕೊಳ್ಳುತ್ತೇನೆ. ಮೀನುಗಾರಿಕೆಯ ಬೋಟಿನ ಕೆಳಗೆ ದೀಪ ಕಂಡರೆ, ಅಲಂಕಾರಕ್ಕೆಂದು ಹೇಳಿದರೂ ನಂಬುವವರು ಸಿಗಲಿಕ್ಕಿಲ್ಲ. ತಮ್ಮನವರ ಬೋಟಿಗೆ ಹಾಕಿಸಬೇಡಿ.

ಇನ್ನು ಮುಂದೆ ಬರೆಯುವವರು ಬೋಟಿನ ಉದ್ದ, ಅದು ಮರದ್ದೋ ಫೈಬರಿನದ್ದೋ ಲೋಹದ್ದೋ, ಬ್ಯಾಟರಿ ಎಷ್ಟು ವೋಲ್ಟಿನದು, ಅಲ್ಲಿಂದ ದೀಪಕ್ಕೆ ಎಷ್ಟು ದೂರ ಎಂಬುದನ್ನು ಪತ್ರದಲ್ಲೇ ತಿಳಿಸಿ. ಅಷ್ಟಿದ್ದರೆ ಊಹೆ ಮಾಡದೆ ಉತ್ತರಿಸಬಹುದು.